ಓಡುತ್ತಿರುವ ಎಟ್‌ಸಿಡಿ ಕ್ಲಸ್ಟರ್‌ಗೆ ಹೊಸ ನೋಡ್: ಮೊದಲು ಸೇರಿಸಬೇಕಾ, ಮೊದಲು ತೆಗೆಯಬೇಕಾ?

ಹಾಸನದ_ಆಪ್ಸ್

ಎಲ್ಲರಿಗೂ ನಮಸ್ಕಾರ. ನಮ್ಮ ಕುಬರ್ನೆಟಿಸ್ (ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆ) ಹಿಂದೆ ಮೂರು ನೋಡ್‌ಗಳ ಎಟ್‌ಸಿಡಿ ಇದೆ, ಅಂದರೆ ಅದರ ಸ್ಥಿತಿಯನ್ನೆಲ್ಲ ಮೂರು ಯಂತ್ರಗಳಲ್ಲಿ ಪ್ರತಿ ಮಾಡಿ ಇಟ್ಟುಕೊಳ್ಳುವ ಡೇಟಾಬೇಸ್. ಬೇರೆ ಯಂತ್ರಗಳ ಮೇಲೆ, ಸಿಸ್ಟಮ್‌ಡಿ ಸರ್ವಿಸ್ ಆಗಿ ನಾವೇ ಓಡಿಸುತ್ತಿದ್ದೇವೆ. ಆವೃತ್ತಿ 3.5.15. ಮೂರರಲ್ಲಿ ಒಂದರ ಎಸ್‌ಎಸ್‌ಡಿ ಸಾಯುವ ಹಾದಿಯಲ್ಲಿದೆ. ಅದನ್ನು ಇ3 ಅಂತ ಕರೆಯೋಣ. ಇನ್ನೂ ನಡೆಯುತ್ತಿದೆ, ಆದರೆ ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕ್‌ಗೆ ಖಚಿತವಾಗಿ ಇಳಿಸುವುದು) ನಿಧಾನ ಅಂತ ಲಾಗ್‌ನಲ್ಲಿ ಆಗಾಗ ಎಚ್ಚರಿಕೆ ಬರುತ್ತದೆ.

ಮ್ಯಾನೇಜರ್ ಇದೇ ನೆಪದಲ್ಲಿ "ಹೇಗೂ ಕೈ ಹಾಕ್ತಿದ್ದೀರಿ, ಐದು ನೋಡ್ ಮಾಡಿಬಿಡಿ" ಅಂದಿದ್ದಾರೆ. ಎರಡು ಹೊಸ ಯಂತ್ರ ಬಂದಿವೆ, ಇ4 ಮತ್ತು ಇ5. ನನ್ನ ಯೋಜನೆ ಇಷ್ಟು: ಎರಡನ್ನೂ ಒಂದೇ ಸಲ ಮೆಂಬರ್ ಆಡ್ ಮಾಡುವುದು, ಆಮೇಲೆ ಇ3 ತೆಗೆಯುವುದು. ಕ್ಲಸ್ಟರ್ ನಿಲ್ಲಿಸುವ ಹಾಗಿಲ್ಲ. ಇದರಲ್ಲಿ ಅಪಾಯ ಏನಾದರೂ ಇದೆಯಾ?

ರಾತ್ರಿಪಾಳಿ

ಏನೂ ಆಗುವುದಿಲ್ಲ ಗುರು. ಸೇರಿಸಿ, ಸರ್ವಿಸ್ ಶುರು ಮಾಡಿ, ಟೀ ಕುಡಿದು ಬನ್ನಿ. ರಾಫ್ಟ್, ಅಂದರೆ ನೋಡ್‌ಗಳು ಬಹುಮತದಿಂದ ಒಮ್ಮತಕ್ಕೆ ಬರುವ ವಿಧಾನ, ಇರುವುದೇ ಇದಕ್ಕೆ ತಾನೆ?

ಕೋರಂ_ಕಾಕಾ

ಟೀ ಆಮೇಲೆ ಕುಡಿಯೋಣ. ಮೊದಲು ಮೂರು ಪ್ರಶ್ನೆ. ಈಗ ಲೀಡರ್, ಅಂದರೆ ಎಲ್ಲ ರೈಟ್‌ಗಳನ್ನು ನಡೆಸುವ ನೋಡ್, ಯಾರು? ಡಿಬಿ ಎಷ್ಟು ದೊಡ್ಡದಿದೆ? ಕೊನೆಯ ಸ್ನ್ಯಾಪ್‌ಶಾಟ್ (ಡಿಬಿಯ ಪೂರ್ತಿ ನಕಲು) ಯಾವಾಗ ತೆಗೆದಿರಿ, ಅದನ್ನು ಯಾರಾದರೂ ಬೇರೆ ಕಡೆ ರಿಸ್ಟೋರ್ ಮಾಡಿ ನೋಡಿದ್ದಾರಾ?

ಎಂಡ್‌ಪಾಯಿಂಟ್ ಸ್ಟೇಟಸ್ ಕಮಾಂಡನ್ನು ಟೇಬಲ್ ರೂಪದಲ್ಲಿ ಕೊಟ್ಟರೆ ಮೊದಲ ಎರಡಕ್ಕೆ ಉತ್ತರ ಅಲ್ಲೇ ಸಿಗುತ್ತದೆ. ಅದನ್ನು ನೋಡದೆ ಯಾರೂ ಸದಸ್ಯರ ಪಟ್ಟಿಗೆ ಕೈ ಹಾಕಬಾರದು.

ಹಾಸನದ_ಆಪ್ಸ್

ಕಾಕಾ, ಲೀಡರ್ ಇ1. ಡಿಬಿ 1.7 ಜಿಬಿ. ಸ್ನ್ಯಾಪ್‌ಶಾಟ್ ದಿನಾ ರಾತ್ರಿ ತಾನಾಗಿಯೇ ತೆಗೆಯುತ್ತದೆ. ರಿಸ್ಟೋರ್ ಯಾರೂ ಮಾಡಿ ನೋಡಿಲ್ಲ.

ಕೋರಂ_ಕಾಕಾ

ರಿಸ್ಟೋರ್ ಮಾಡಿ ನೋಡದ ಸ್ನ್ಯಾಪ್‌ಶಾಟನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇವತ್ತೇ ಒಂದು ಖಾಲಿ ವಿಎಂ ಮೇಲೆ ಮಾಡಿ ನೋಡಿ, ಅರ್ಧ ಗಂಟೆ ಕೆಲಸ.

ಈಗ ನಿಮ್ಮ ಯೋಜನೆಗೆ ಬರೋಣ. ರಾತ್ರಿಪಾಳಿ, ನೀವೂ ಕೇಳಿ. ಎಟ್‌ಸಿಡಿಯಲ್ಲಿ ಮೆಂಬರ್ ಆಡ್ ಎಂದರೆ ಯಂತ್ರ ಬಂದು ಸೇರುವುದಲ್ಲ. ಪಟ್ಟಿಯಲ್ಲಿ ಹೆಸರು ಬರೆಯುವುದು, ಅಷ್ಟೇ. ಹೆಸರು ಬರೆದ ಕ್ಷಣದಿಂದ ಕೋರಂ, ಅಂದರೆ ಬೇಕಾದ ಬಹುಮತದ ಲೆಕ್ಕ ಬದಲಾಗುತ್ತದೆ. ಸಹಕಾರ ಸಂಘದ ಸಭೆ ನೆನಪಿಸಿಕೊಳ್ಳಿ. ಹೊಸ ಸದಸ್ಯ ಇನ್ನೂ ಬಸ್ಸಿನಲ್ಲೇ ಇರಬಹುದು. ರಿಜಿಸ್ಟರ್‌ನಲ್ಲಿ ಹೆಸರು ಬಂತು ಎಂದರೆ ಅವನ ಗೈರುಹಾಜರಿಯೂ ಲೆಕ್ಕಕ್ಕೆ ಬಂತು.

ಮೂರು ಸದಸ್ಯರಿಗೆ ಕೋರಂ 2. ನಾಲ್ಕಕ್ಕೆ 3. ಐದಕ್ಕೂ 3. ಆರಕ್ಕೆ 4. ಈಗ ನಿಮ್ಮಲ್ಲಿ ಮೂರು, ಒಂದು ಹೋದರೂ ನಡೆಯುತ್ತದೆ. ಇ4ರ ಹೆಸರು ಸೇರಿಸಿದಿರಿ, ಅದು ಇನ್ನೂ ಖಾಲಿ. ಈಗ ನಾಲ್ಕು ಜನ, ಮೂರು ಮತ ಬೇಕು. ಇ1, ಇ2, ಇ3 ಮೂರೂ ಇದ್ದರೆ ಮಾತ್ರ ರೈಟ್ ನಡೆಯುತ್ತದೆ. ಆ ಮೂರರಲ್ಲಿ ಒಂದರ ಡಿಸ್ಕ್ ಸಾಯುತ್ತಿದೆ. ಇ4 ಲೀಡರ್‌ನಿಂದ 1.7 ಜಿಬಿ ಸ್ನ್ಯಾಪ್‌ಶಾಟ್ ಎಳೆದುಕೊಂಡು ಮುಗಿಸುವ ಮೊದಲು ಇ3 ಕೈ ಕೊಟ್ಟರೆ ಎಪಿಐ ಸರ್ವರ್ (ಎಟ್‌ಸಿಡಿ ಜೊತೆ ಮಾತಾಡುವ ಕುಬರ್ನೆಟಿಸ್ ಭಾಗ) ರೈಟ್‌ಗಳೆಲ್ಲ ನಿಂತವು. ಇ4, ಇ5 ಎರಡನ್ನೂ ಒಟ್ಟಿಗೆ ಸೇರಿಸಿದರೂ ಕಥೆ ಇದೇ. ಐದರಲ್ಲಿ ಮೂರು ಬೇಕು, ಬದುಕಿರುವುದೇ ಮೂರು, ಅದರಲ್ಲೊಂದು ಇ3.

ಸುರಕ್ಷತೆ ಹೆಚ್ಚಿಸಲು ಹೋಗಿ ಇರುವ ಸುರಕ್ಷತೆಯನ್ನೂ ಕಳೆದುಕೊಳ್ಳುವ ಗಳಿಗೆ ಅದು.

ರಾತ್ರಿಪಾಳಿ

ಆ ಗಳಿಗೆ ಎಷ್ಟು ಹೊತ್ತಿನದು ಕಾಕಾ? ಹತ್ತು ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ 1.7 ಜಿಬಿ ಎಂದರೆ ಸೆಕೆಂಡುಗಳ ಮಾತು. ಅದಕ್ಕೆ ಇಷ್ಟೊಂದು ಹೆದರಬೇಕಾ?

ಕೋರಂ_ಕಾಕಾ

ಎಲ್ಲ ಸರಿಯಾಗಿ ನಡೆದರೆ ಸೆಕೆಂಡುಗಳೇ. ಹೊಸ ನೋಡ್‌ನ ಪೀರ್ ಯುಆರ್‌ಎಲ್‌ನಲ್ಲಿ, ಅಂದರೆ ಬೇರೆ ನೋಡ್‌ಗಳು ಅದನ್ನು ತಲುಪುವ ವಿಳಾಸದಲ್ಲಿ, ಒಂದು ಅಂಕಿ ತಪ್ಪಿದೆ ಎನ್ನಿ. ಆಗ ಅದು ಬರುವುದೇ ಇಲ್ಲ. ಮೂರರ ಕ್ಲಸ್ಟರ್‌ನಲ್ಲಿ ಒಂದು ಆಗಲೇ ಸತ್ತಿದ್ದು, ತಪ್ಪು ವಿಳಾಸದ ನಾಲ್ಕನೆಯದನ್ನು ಸೇರಿಸಿದರೆ ಎರಡೇ ಬದುಕಿರುತ್ತವೆ, ಬೇಕಾದದ್ದು ಮೂರು. ತಪ್ಪು ಹೆಸರನ್ನು ಪಟ್ಟಿಯಿಂದ ತೆಗೆಯೋಣ ಎಂದರೆ ತೆಗೆಯುವುದಕ್ಕೂ ಕೋರಂ ಬೇಕು. ಬಾಗಿಲು ಒಳಗಿನಿಂದ ಲಾಕ್. ಒಂದೇ ನೋಡ್ ಇರುವ ಟೆಸ್ಟ್ ಕ್ಲಸ್ಟರನ್ನು ಎರಡು ಮಾಡುವಾಗ ಇದು ಇನ್ನೂ ಸುಲಭವಾಗಿ ಆಗುತ್ತದೆ. ಒಂದರಿಂದ ಎರಡಕ್ಕೆ ಹೋದ ಕೂಡಲೇ ಕೋರಂ 2, ಎರಡನೆಯದು ಏಳದಿದ್ದರೆ ಮೊದಲನೆಯದೂ ಹೋಯಿತು.

ಇದಕ್ಕೇ ಎಟ್‌ಸಿಡಿಯಲ್ಲಿ ಸ್ಟ್ರಿಕ್ಟ್ ರೀಕಾನ್ಫಿಗ್ ಚೆಕ್ ಅಂತ ಒಂದು ಸೆಟ್ಟಿಂಗ್ ಇದೆ, ತಾನಾಗಿಯೇ ಆನ್ ಇರುತ್ತದೆ. ಮತ ಇರುವ ಯಾವ ಸದಸ್ಯನಾದರೂ ಸಂಪರ್ಕಕ್ಕೆ ಸಿಗದಿದ್ದರೆ ಹೊಸಬರನ್ನು ಸೇರಿಸಲು ಅದು ಬಿಡುವುದಿಲ್ಲ, "ಅನ್‌ಹೆಲ್ದಿ ಕ್ಲಸ್ಟರ್" ಎನ್ನುತ್ತದೆ. ಹಾಗಾಗಿ ನಿಮ್ಮ ಎರಡನೇ ಮೆಂಬರ್ ಆಡ್ ಇ4 ಎದ್ದು ಕೂರುವ ತನಕ ಹೇಗೂ ಆಗುವುದಿಲ್ಲ. ಆಗ ಜನ ಏನು ಮಾಡುತ್ತಾರೆ ಗೊತ್ತಾ? ಎಲ್ಲೋ ಓದಿ ಆ ಚೆಕ್ಕನ್ನೇ ಆಫ್ ಮಾಡುತ್ತಾರೆ. ಅದನ್ನು ಮಾತ್ರ ಮಾಡಬೇಡಿ.

ಲಾಗ್_ಲಲಿತೆ

ಕಾಕಾ ಹೇಳಿದ್ದು ಲಭ್ಯತೆಯ ಮಾತು, ಅಂದರೆ ಸೇವೆ ನಿಲ್ಲುತ್ತದೆ ಎನ್ನುವುದು. ಒಂದೊಂದಾಗಿಯೇ ಯಾಕೆ ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಕಾರಣ ಇದೆ. ಡೇಟಾ ಎರಡು ಹೋಳಾಗಬಹುದು.

ಮೂರರ ಪಟ್ಟಿಯಿಂದ ಐದರ ಪಟ್ಟಿಗೆ ಒಂದೇ ಜಿಗಿತ ಎಂದುಕೊಳ್ಳಿ. ಎಲ್ಲ ನೋಡ್‌ಗಳೂ ಒಂದೇ ಕ್ಷಣದಲ್ಲಿ ಹೊಸ ಪಟ್ಟಿಗೆ ಬರುವುದಿಲ್ಲ. ಇ1, ಇ2 ಇನ್ನೂ ಹಳೇ ಪಟ್ಟಿ ನೋಡುತ್ತಿವೆ: ಮೂರರಲ್ಲಿ ನಾವು ಇಬ್ಬರು, ಬಹುಮತ ಇದೆ. ಇ3, ಇ4, ಇ5 ಹೊಸ ಪಟ್ಟಿ ನೋಡುತ್ತಿವೆ: ಐದರಲ್ಲಿ ನಾವು ಮೂವರು, ನಮಗೂ ಬಹುಮತ ಇದೆ. ಎರಡು ಗುಂಪಿಗೂ ಒಬ್ಬನೇ ಒಬ್ಬ ಸಾಮಾನ್ಯ ಸದಸ್ಯ ಇಲ್ಲ. ಒಂದೇ ಟರ್ಮ್‌ನಲ್ಲಿ, ಅಂದರೆ ಒಂದೇ ಚುನಾವಣಾ ಅವಧಿಯಲ್ಲಿ, ಇಬ್ಬರು ಲೀಡರ್.

ಒಂದೊಂದಾಗಿ ಹೋದರೆ ಇದು ಸಾಧ್ಯವೇ ಇಲ್ಲ. ಮೂರರ ಬಹುಮತ 2, ನಾಲ್ಕರ ಬಹುಮತ 3, ಕೂಡಿದರೆ 5. ಇರುವವರೇ ನಾಲ್ವರು, ಹಾಗಾಗಿ ಒಬ್ಬನಾದರೂ ಎರಡೂ ಕಡೆ ಇರಲೇಬೇಕು. ಅವನು ಎರಡು ಕಡೆ ಮತ ಹಾಕುವುದಿಲ್ಲ.

ರಾಫ್ಟ್ ರೂಪಿಸಿದ ಡಿಯೇಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ 2014ರ ಪ್ರಬಂಧದಲ್ಲಿ ಕೊಟ್ಟದ್ದು ಜಾಯಿಂಟ್ ಕನ್ಸೆನ್ಸಸ್. ಬದಲಾವಣೆಯ ಮಧ್ಯದಲ್ಲಿ ಹಳೇ ಪಟ್ಟಿಯ ಬಹುಮತವೂ ಬೇಕು, ಹೊಸ ಪಟ್ಟಿಯ ಬಹುಮತವೂ ಬೇಕು. ಎಷ್ಟು ಜನರನ್ನಾದರೂ ಒಟ್ಟಿಗೆ ಬದಲಿಸಬಹುದು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನಲ್ಲಿ ಮುಗಿಸಿದ ಪಿಎಚ್‌ಡಿ ಪ್ರಬಂಧದಲ್ಲಿ ಒಂಗಾರೊ ಒಂದೊಂದೇ ಸರ್ವರ್ ಬದಲಿಸುವ ಸುಲಭದ ದಾರಿ ಕೊಟ್ಟರು. ಬಹಳ ಜನ ಹಿಡಿದದ್ದು ಆ ದಾರಿಯನ್ನೇ.

ಆ ಸುಲಭದ ದಾರಿಯಲ್ಲೂ ಒಂದು ದೋಷ ಇತ್ತು! 2015ರಲ್ಲಿ ಒಂಗಾರೊ ಅವರೇ ಅದನ್ನು ಪ್ರಕಟಿಸಿದರು. ಆಸಕ್ತಿ ಇದ್ದರೆ ಬಿಡಿಸಿ ಬರೆಯುತ್ತೇನೆ.

ಸುಮ್ನೆ_ಓದುವವ

ಬರೆಯಿರಿ ಮೇಡಂ. ನಿಮ್ಮ ಪೋಸ್ಟ್ ಓದಲೆಂದೇ ಲಾಗಿನ್ ಆಗಿದ್ದೇನೆ.

ಲಾಗ್_ಲಲಿತೆ

ಸರಿ, ಪೆನ್ನು ಹಿಡಿದುಕೊಂಡು ಕೂರಿ.

ನಾಲ್ಕು ಸರ್ವರ್: 1, 2, 3, 4. ಲೀಡರ್ 1. ಅದು "5ನ್ನು ಸೇರಿಸು" ಎಂಬ ಎಂಟ್ರಿಯನ್ನು ತನ್ನ ಲಾಗ್‌ಗೆ (ಬದಲಾವಣೆಗಳನ್ನು ಸಾಲಾಗಿ ಬರೆದಿಡುವ ದಾಖಲೆಗೆ) ಬರೆದು 5ಕ್ಕೂ ಕಳಿಸಿತು. ಬೇರೆಯವರಿಗೆ ತಲುಪುವ ಮೊದಲೇ ಸಂಪರ್ಕ ಕಡಿಯಿತು. 2, 3, 4 ಸೇರಿ 2ನ್ನು ಲೀಡರ್ ಮಾಡಿದವು. ಈ ಹೊಸ ಲೀಡರ್‌ಗೆ 5ರ ವಿಷಯ ಗೊತ್ತೇ ಇಲ್ಲ. ಅದು "1ನ್ನು ತೆಗೆ" ಎಂಬ ಎಂಟ್ರಿ ಬರೆಯಿತು. ಹೊಸ ಪಟ್ಟಿ 2, 3, 4. ಬಹುಮತಕ್ಕೆ ಎರಡು ಸಾಕು. 2 ಮತ್ತು 3 ಬರೆದುಕೊಂಡವು, ಕಮಿಟ್ ಆಯಿತು, ಅಂದರೆ ಬಹುಮತ ಸಿಕ್ಕಿ ಪಕ್ಕಾ ಆಯಿತು. ಈಗ 1 ವಾಪಸ್ ಬಂತು. ಅದರ ಲಾಗ್ ಪ್ರಕಾರ ಪಟ್ಟಿಯಲ್ಲಿ ಐದು ಜನ, ಮೂರು ಮತ ಬೇಕು. 1, 5, ಜೊತೆಗೆ 4. ಈ 4ಕ್ಕೆ 2ರ ಎಂಟ್ರಿ ಇನ್ನೂ ತಲುಪಿಲ್ಲ, ಅದು ಮತ ಹಾಕುತ್ತದೆ. 1 ಲೀಡರ್ ಆಯಿತು, ಕಮಿಟ್ ಆಗಿದ್ದ ಎಂಟ್ರಿಯನ್ನು ಅಳಿಸಿ ತನ್ನದನ್ನು ಬರೆಯಿತು. ಒಮ್ಮೆ ಕಮಿಟ್ ಆದದ್ದು ಮತ್ತೆ ಅಳಿಯಿತು ಎಂದಮೇಲೆ ರಾಫ್ಟ್ ಯಾಕೆ ಬೇಕು ಹೇಳಿ.

ಒಂದೊಂದೇ ಬದಲಾವಣೆ ಸರಿಯಾಗಿತ್ತು. ಆದರೆ ಒಂದು ಮುಗಿಯುವ ಮೊದಲೇ ಬೇರೆ ಟರ್ಮ್‌ನಲ್ಲಿ ಇನ್ನೊಂದು ಶುರುವಾಯಿತು. ಪರಿಹಾರ ಚಿಕ್ಕದು. ಹೊಸ ಲೀಡರ್ ತನ್ನ ಟರ್ಮ್‌ನ ಒಂದು ಎಂಟ್ರಿಯನ್ನಾದರೂ ಕಮಿಟ್ ಮಾಡುವ ತನಕ ಸದಸ್ಯರ ಪಟ್ಟಿಯನ್ನು ಮುಟ್ಟಬಾರದು. ಲೀಡರ್ ಆದ ಕೂಡಲೇ ಒಂದು ಖಾಲಿ ಎಂಟ್ರಿ ಬರೆಯುತ್ತಾರಲ್ಲ, ಅದು ಕಮಿಟ್ ಆದರೆ ಸಾಕು.

ಎಟ್‌ಸಿಡಿ ಇಲ್ಲಿ ಸ್ವಲ್ಪ ಬೇರೆ ಹಾದಿ ಹಿಡಿದಿದೆ. ಒಂಗಾರೊ ಬರೆದ ಹಾಗೆ ಎಂಟ್ರಿ ಲಾಗ್‌ಗೆ ಬಂದ ತಕ್ಷಣ ಪಟ್ಟಿ ಬದಲಾಗುವುದಿಲ್ಲ. ಎಂಟ್ರಿ ಹಳೇ ಬಹುಮತದಲ್ಲೇ ಕಮಿಟ್ ಆಗಿ, ಅಪ್ಲೈ ಆದ ಮೇಲೆ ಹೊಸ ಪಟ್ಟಿ ಜಾರಿಗೆ ಬರುತ್ತದೆ. ಅದರ ರಾಫ್ಟ್ ಲೈಬ್ರರಿಯಲ್ಲಿ ಜಾಯಿಂಟ್ ಕನ್ಸೆನ್ಸಸ್ ಕೂಡ ಇದೆ, ಕಾಕ್ರೋಚ್‌ಡಿಬಿ ಎಂಬ ಡೇಟಾಬೇಸ್ ಅದನ್ನು ಬಳಸುತ್ತದೆ. ಎಟ್‌ಸಿಡಿ ಸರ್ವರ್ ಮಾತ್ರ ಒಂದೊಂದಾಗಿಯೇ ಹೋಗುತ್ತದೆ.

ಸುಮ್ನೆ_ಓದುವವ

ಧನ್ಯವಾದ ಮೇಡಂ. ಪೆನ್ನು ನಿಜವಾಗಿಯೂ ಬೇಕಾಯಿತು.

ಅಂದ ಹಾಗೆ ಹಾಸನದವರೇ, ನಿಮ್ಮ ಲೆಕ್ಕ ನನಗೆ ಹೊಂದುತ್ತಿಲ್ಲ. ಮೂರು ಇದೆ, ಎರಡು ಸೇರಿಸಿ ಒಂದು ತೆಗೆದರೆ ನಾಲ್ಕಾಗುತ್ತದೆ. ಐದು ಎಲ್ಲಿಂದ ಬಂತು?

ಹಾಸನದ_ಆಪ್ಸ್

ಅಯ್ಯೋ! ಹೌದಲ್ವಾ. ನಾನು, ಮ್ಯಾನೇಜರ್, ನೆಟ್‌ವರ್ಕ್‌ನವರು ಮೂವರೂ ಸಹಿ ಹಾಕಿದ ಪ್ಲಾನ್ ಇದು. ನಾಲ್ಕಾದರೆ ಏನಾದರೂ ತೊಂದರೆಯಾ?

ಕೋರಂ_ಕಾಕಾ

ತಪ್ಪು ಉತ್ತರ ಬರುವುದಿಲ್ಲ. ಲಾಭವೂ ಇಲ್ಲ. ಮೂರರಲ್ಲಿ ಒಂದು ಹೋದರೆ ತಡೆಯುತ್ತದೆ, ನಾಲ್ಕರಲ್ಲೂ ಒಂದೇ. ಕೆಡಬಹುದಾದ ಯಂತ್ರ ಮಾತ್ರ ಒಂದು ಜಾಸ್ತಿ. ದಾಟಿ ಹೋಗುವಾಗ ನಾಲ್ಕು ಇರಲಿ, ಅಲ್ಲೇ ಮನೆ ಮಾಡಬೇಡಿ. ಇ3ಗೆ ಹೊಸ ಎಸ್‌ಎಸ್‌ಡಿ ತರಿಸಿ, ಖಾಲಿ ಮಾಡಿ, ಐದನೆಯದಾಗಿ ವಾಪಸ್ ತನ್ನಿ.

ಕಡಲತಡಿ_ಡಿಸ್ಕ್

ಐದು ಬೇಕೇ ಬೇಕಾ ಎಂದು ಒಮ್ಮೆ ಕೇಳಿ ನೋಡಿ. ಗೂಗಲ್‌ನ ಚಬ್ಬಿ ಎಂಬ ಲಾಕ್ ಸೇವೆಯ ಬಗ್ಗೆ 2006ರಲ್ಲಿ ಬಂದ ಪ್ರಬಂಧದಲ್ಲೂ ಒಂದು ಸೆಲ್‌ಗೆ (ಗುಂಪಿಗೆ) ಸಾಮಾನ್ಯವಾಗಿ ಐದು ಸರ್ವರ್ ಎಂದೇ ಇದೆ, ಎಟ್‌ಸಿಡಿಯವರೂ ಏಳಕ್ಕಿಂತ ಜಾಸ್ತಿ ಬೇಡ ಎನ್ನುತ್ತಾರೆ. ಐದು ಕೆಟ್ಟದ್ದಲ್ಲ. ಎರಡು ಹೋದರೂ ನಡೆಯುತ್ತದೆ. ಆದರೆ ನೋಡ್ ಸೇರಿಸಿದರೆ ವೇಗ ಹೆಚ್ಚುತ್ತದೆ ಎಂದು ಮ್ಯಾನೇಜರ್ ನಂಬಿದ್ದರೆ ಅದು ತಪ್ಪು. ಪ್ರತಿ ರೈಟ್ ಲೀಡರ್ ಮೂಲಕವೇ ಹೋಗಬೇಕು, ಲೀಡರ್ ಎಲ್ಲರಿಗೂ ಕಳಿಸಬೇಕು, ಬಹುಮತ ಡಿಸ್ಕ್‌ಗೆ ಬರೆಯುವ ತನಕ ಕಾಯಬೇಕು. ಜಾಸ್ತಿ ಜನ ಎಂದರೆ ರೈಟ್ ಸ್ವಲ್ಪ ನಿಧಾನ.

ಐದೂ ಒಂದೇ ರ‍್ಯಾಕ್‌ನಲ್ಲಿ, ಒಂದೇ ಸ್ವಿಚ್ ಕೆಳಗೆ ಇದ್ದರೆ ಅದು ಕಾಗದದ ಮೇಲಿನ ಐದು. ಎರಡು ಡೇಟಾ ಸೆಂಟರ್‌ಗೆ ಹಂಚಿದರೂ ಪೂರ್ತಿ ಬಗೆಹರಿಯುವುದಿಲ್ಲ. 3 ಮತ್ತು 2 ಎಂದು ಹಂಚಬೇಕು, ಮೂರಿರುವ ಕಡೆ ಕರೆಂಟ್ ಹೋದರೆ ಮುಗಿಯಿತು. ಮೂರನೇ ಜಾಗ ಬೇಕು, ಚಿಕ್ಕದಾದರೂ ಸರಿ. ಮುಂಬೈನ ಒಂದೇ ಕ್ಲೌಡ್ ರೀಜನ್‌ನಲ್ಲಿ ಮೂರು ಝೋನ್ ಸಿಗುವಾಗ ಮುಂಬೈ, ಹೈದರಾಬಾದ್ ಎಂದು ಎರಡು ಊರಿಗೆ ಎಳೆಯುವವರನ್ನು ನೋಡಿದ್ದೇನೆ. ಏನೂ ಬದಲಿಸದಿದ್ದರೆ ಎಟ್‌ಸಿಡಿಯ ಹಾರ್ಟ್‌ಬೀಟ್ (ಲೀಡರ್ ಬದುಕಿದ್ದೇನೆ ಎಂದು ಕಳಿಸುವ ಸಂಕೇತ) 100 ಮಿಲಿಸೆಕೆಂಡ್‌ಗೊಮ್ಮೆ, ಎಲೆಕ್ಷನ್ ಟೈಮ್‌ಔಟ್ (ಅದು ಬಾರದೆ ಹೊಸ ಚುನಾವಣೆಗೆ ಕಾಯುವ ಹೊತ್ತು) 1000 ಮಿಲಿಸೆಕೆಂಡ್. ಅದನ್ನು ದೂರಕ್ಕೆ ತಕ್ಕ ಹಾಗೆ ಬದಲಿಸದೆ ಹೊಸ ನೋಡನ್ನು ದೂರದ ಊರಲ್ಲಿ ಇಟ್ಟು, ಲೀಡರ್ ಯಾಕೆ ಪದೇಪದೇ ಬದಲಾಗುತ್ತಿದೆ ಎಂದು ಕೇಳುವುದು!

ಇನ್ನು ಡಿಸ್ಕ್. ಇ4, ಇ5 ಸೇರಿಸುವ ಮೊದಲು ಎಫ್‌ಐಒ ಎಂಬ ಡಿಸ್ಕ್ ಪರೀಕ್ಷೆಯ ಟೂಲ್ ಓಡಿಸಿ. ವಾಲ್‌ನ (ಎಟ್‌ಸಿಡಿ ಪ್ರತಿ ಬದಲಾವಣೆಯನ್ನು ಮೊದಲು ಬರೆಯುವ ಲಾಗ್ ಫೈಲ್‌ನ) ಎಫ್‌ಸಿಂಕ್ ನೂರಕ್ಕೆ 99 ಸಲ 10 ಮಿಲಿಸೆಕೆಂಡ್ ಒಳಗೆ ಮುಗಿಯಬೇಕು. ಇ3 ಬದಲಿಗೆ ಇನ್ನೊಂದು ಇ3 ತಂದಿಟ್ಟರೆ ಏನು ಪ್ರಯೋಜನ?

ಡಿಬಿ 1.7 ಜಿಬಿ ಅಂದಿರಿ. ಕೋಟಾ, ಅಂದರೆ ಡಿಬಿ ಗಾತ್ರದ ಮಿತಿ, ಬದಲಿಸಿದ್ದೀರಾ? ಏನೂ ಮಾಡದಿದ್ದರೆ ಅದು 2 ಜಿಬಿ. ಅದು ತುಂಬಿದರೆ ಅಲಾರಂ ಎದ್ದು ಹೊಸ ರೈಟ್‌ಗಳೆಲ್ಲ ತಿರಸ್ಕಾರ ಆಗುತ್ತವೆ. ನೋಡ್ ಸೇರಿಸುವ ರಾತ್ರಿಯೇ ಅದು ಆದರೆ ಯಾವುದಕ್ಕೆ ಯಾವುದು ಕಾರಣ ಎಂದೇ ತಿಳಿಯುವುದಿಲ್ಲ.

ಹಾಸನದ_ಆಪ್ಸ್

ಬದಲಿಸಿಲ್ಲ ಸರ್, 2 ಜಿಬಿಯೇ. ಕುಬರ್ನೆಟಿಸ್ ಐದು ನಿಮಿಷಕ್ಕೊಮ್ಮೆ ಕಂಪ್ಯಾಕ್ಟ್ ಮಾಡುತ್ತದೆ ಅಲ್ವಾ, ಆದರೂ ಯಾಕೆ ಇಷ್ಟು ಬೆಳೆದಿದೆ?

ಕಡಲತಡಿ_ಡಿಸ್ಕ್

ಕಂಪ್ಯಾಕ್ಟ್ ಹಳೇ ರಿವಿಷನ್ (ಪ್ರತಿ ಬದಲಾವಣೆಗೂ ಹುಟ್ಟುವ, ಕ್ರಮಸಂಖ್ಯೆ ಇರುವ ಆವೃತ್ತಿ) ಅಳಿಸುತ್ತದೆ, ಫೈಲ್ ಕುಗ್ಗಿಸುವುದಿಲ್ಲ. ಖಾಲಿ ಜಾಗ ಫೈಲ್ ಒಳಗೇ ಉಳಿಯುತ್ತದೆ. ಅದನ್ನು ಬಿಡಿಸಲು ಡಿಫ್ರಾಗ್ ಮಾಡಬೇಕು. ಮಾಡುವಷ್ಟು ಹೊತ್ತು ಆ ನೋಡ್ ಓದಲೂ ಬಿಡುವುದಿಲ್ಲ, ಬರೆಯಲೂ ಬಿಡುವುದಿಲ್ಲ. ಹಾಗಾಗಿ ಒಂದೊಂದೇ ಫಾಲೋವರ್ (ಲೀಡರ್ ಅಲ್ಲದ ನೋಡ್), ಕೊನೆಗೆ ಲೀಡರ್. ಫೈಲ್ ಚಿಕ್ಕದಾದರೆ ಹೊಸ ನೋಡ್‌ಗೆ ಕಳಿಸುವ ಸ್ನ್ಯಾಪ್‌ಶಾಟ್ ಕೂಡ ಚಿಕ್ಕದಾಗುತ್ತದೆ. ಇ3 ಮೇಲೆ ಮಾತ್ರ ಡಿಫ್ರಾಗ್ ಬೇಡ. ಸಾಯುವ ಡಿಸ್ಕ್ ಮೇಲೆ ಇಡೀ ಫೈಲ್ ಮತ್ತೆ ಬರೆಸುವುದು ಯಾಕೆ?

ಝೂ_ಹಳಬ

ಇಷ್ಟೆಲ್ಲ ಓದಿದ ಮೇಲೆ ಎಟ್‌ಸಿಡಿ ತರಹದ್ದೇ ಕೆಲಸ ಮಾಡುವ ಝೂಕೀಪರ್ ನೆನಪಾಯಿತು. ಝೂಕೀಪರ್ 3.5 ಬರುವ ಮೊದಲು ಅಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಎಲ್ಲ ಸರ್ವರ್‌ಗಳ ಕಾನ್ಫಿಗ್ ಫೈಲನ್ನು ಕೈಯಾರೆ ತಿದ್ದಿ ಒಂದೊಂದಾಗಿ ರೀಸ್ಟಾರ್ಟ್ ಮಾಡಬೇಕಿತ್ತು. ಯಾವ ಕ್ಷಣದಲ್ಲಿ ಯಾರು ಯಾವ ಪಟ್ಟಿ ನೋಡುತ್ತಿದ್ದಾರೆ ಎನ್ನುವುದು ನಮ್ಮ ತಲೆಯಲ್ಲಿ ಮಾತ್ರ ಇರುತ್ತಿತ್ತು. ಲಲಿತಾ ಮೇಡಂ ಬರೆದ ಎರಡು ಬಹುಮತದ ಸಮಸ್ಯೆ ಅಲ್ಲಿ ಕಣ್ಣೆದುರೇ ಇತ್ತು. 3.5ರಲ್ಲಿ ಡೈನಮಿಕ್ ರೀಕಾನ್ಫಿಗ್ ಬಂತು, ಅದರ ಹಿಂದಿನ ಪ್ರಬಂಧ 2012ರದ್ದು. ಆಮೇಲೆ ಭದ್ರತೆಯ ಕಾರಣಕ್ಕೆ 3.5.3ರಿಂದ ಅದನ್ನು ಮೊದಲಿಗೆ ಆಫ್ ಮಾಡಿಯೇ ಕೊಡುತ್ತಾರೆ, ಬೇಕಾದವರು ಆನ್ ಮಾಡಿಕೊಳ್ಳಬೇಕು.

ಸಂದೇಶ ಸಾಗಿಸುವ ಕಾಫ್ಕಾದವರು ರಾಫ್ಟ್ ಮಾದರಿಯಲ್ಲಿ ಕಟ್ಟಿಕೊಂಡ ಕೆರಾಫ್ಟ್ ಕೂಡ ಹಾಗೇ. ಕಂಟ್ರೋಲರ್‌ಗಳ ಪಟ್ಟಿ ಬಹಳ ದಿನ ಕಾನ್ಫಿಗ್‌ನಲ್ಲಿ ಕಟ್ಟಿಹಾಕಿದ್ದೇ ಆಗಿತ್ತು. ಓಡುತ್ತಿರುವಾಗ ಬದಲಿಸುವ ಸೌಲಭ್ಯ ಬಂದದ್ದು 2024ರ ಕೊನೆಗೆ, 3.9ರಲ್ಲಿ. ಇಷ್ಟು ತಡ ಯಾಕೆ ಎಂದು ಬೈಯುತ್ತಿದ್ದೆ. ಈ ಥ್ರೆಡ್ ಓದಿದರೆ ಯಾಕೆ ಎಂದು ಗೊತ್ತಾಗುತ್ತದೆ.

ರಾತ್ರಿಪಾಳಿ

ಸರಿ, ಒಟ್ಟಿಗೆ ಬೇಡ, ಒಪ್ಪಿದೆ. ಆದರೆ ಒಂದೊಂದಾಗಿ ಸೇರಿಸಿದರೂ ಕಾಕಾ ಹೇಳಿದ ಆ ಗಳಿಗೆ ಇದ್ದೇ ಇರುತ್ತದಲ್ಲ? ಇ4 ಖಾಲಿ ಇರುವಾಗ ನಾಲ್ಕರಲ್ಲಿ ಮೂರು ಬೇಕು, ಇ3 ಕೈ ಕೊಡಬಹುದು. ಹಾಗಾದರೆ ಇ3 ಮೊದಲು ತೆಗೆಯುವುದೇ ಸರಿಯಾ? ಆಗ ಎರಡು ಉಳಿಯುತ್ತವೆ, ಎರಡೂ ಬದುಕಿರಬೇಕು. ಅದೂ ಅಷ್ಟೇ ಅಪಾಯ.

ಲಾಗ್_ಲಲಿತೆ

ಸರಿಯಾದ ಪ್ರಶ್ನೆ. ಅದಕ್ಕೇ ಲರ್ನರ್ ಇರುವುದು.

2019ರಲ್ಲಿ ಬಂದ ಎಟ್‌ಸಿಡಿ 3.4ರಿಂದ ಹೊಸ ನೋಡನ್ನು ಲರ್ನರ್ ಆಗಿ ಸೇರಿಸಬಹುದು. ಲಾಗ್ ಎಲ್ಲ ಬರುತ್ತದೆ, ಮತ ಇಲ್ಲ. ಕೋರಂ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ವಿಳಾಸ ತಪ್ಪಲಿ, ಡಿಸ್ಕ್ ನಿಧಾನ ಇರಲಿ, ಏಳದೇ ಇರಲಿ, ಉಳಿದ ಮೂರರ ಕೋರಂ 2 ಆಗಿಯೇ ಇರುತ್ತದೆ. ಪೂರ್ತಿ ಹಿಡಿದುಕೊಂಡ ಮೇಲೆ, ಅಂದರೆ ಲೀಡರ್‌ಗೆ ಸಮ ಬಂದ ಮೇಲೆ, ಪ್ರಮೋಟ್ ಮಾಡಿದರೆ ಆ ಕ್ಷಣಕ್ಕೆ ನಾಲ್ಕನೇ ಮತ ಹುಟ್ಟುತ್ತದೆ, ಹುಟ್ಟುವಾಗಲೇ ಕೆಲಸಕ್ಕೆ ಸಿದ್ಧ ಇರುತ್ತದೆ. ಇದು ಒಂಗಾರೊ ಅವರ ಪಿಎಚ್‌ಡಿ ಪ್ರಬಂಧದಲ್ಲೇ ಇದ್ದ ಮಾತು. ಹೊಸ ಸರ್ವರ್‌ಗೆ ಸುತ್ತು ಸುತ್ತಾಗಿ ಲಾಗ್ ಕಳಿಸಬೇಕು, ಕೊನೆಯ ಸುತ್ತು ಎಲೆಕ್ಷನ್ ಟೈಮ್‌ಔಟ್‌ಗಿಂತ ಬೇಗ ಮುಗಿದರೆ ಮಾತ್ರ ಮತ ಕೊಡಬೇಕು ಎಂದು.

ಹಾಗಾಗಿ ನಿಮ್ಮ ಪ್ರಕರಣದಲ್ಲಿ, ಇ3 ಇನ್ನೂ ಬದುಕಿರುವ ಕಾರಣ: ಇ4 ಲರ್ನರ್, ಹಿಡಿದುಕೊಳ್ಳಲು ಬಿಡಿ, ಪ್ರಮೋಟ್, ತಕ್ಷಣ ಇ3 ತೆಗೆಯಿರಿ. ನಾಲ್ಕು ಮತ ಇರುವ ಹೊತ್ತು ನಿಮಿಷಕ್ಕಿಂತ ಕಡಿಮೆ, ಆಗಲೂ ಇ3 ಸತ್ತರೆ ಉಳಿದ ಮೂರು ಸಾಕು.

ಎರಡು ಎಚ್ಚರಿಕೆ. ಲರ್ನರ್ ಹಿಡಿದುಕೊಂಡಿದೆಯಾ ಎಂದು ಎಟ್‌ಸಿಡಿ ಪ್ರಮೋಟ್ ಮಾಡುವಾಗ ನೋಡುತ್ತದೆ, ನಿಜ. ಆದರೆ ಅದು ನೋಡುವುದು ಲೀಡರ್‌ನ ಲಾಗ್ ಇಂಡೆಕ್ಸ್‌ನ 90 ಶೇಕಡಾ ಮುಟ್ಟಿದೆಯಾ ಎಂದು. ನಿಮ್ಮ ಇಂಡೆಕ್ಸ್ 5 ಕೋಟಿ ಇದ್ದರೆ 50 ಲಕ್ಷ ಎಂಟ್ರಿ ಹಿಂದಿದ್ದರೂ ಅದರ ಪ್ರಕಾರ ಪಾಸ್! ಹಳೇ ಕ್ಲಸ್ಟರ್‌ನಲ್ಲಿ ಸ್ನ್ಯಾಪ್‌ಶಾಟ್ ಇಳಿದ ಕೂಡಲೇ ಆ ಗೆರೆ ದಾಟಿಬಿಡುತ್ತದೆ. ಆ ಪರೀಕ್ಷೆಯನ್ನು ನಂಬಿ ಕೂರಬೇಡಿ. ಎಂಡ್‌ಪಾಯಿಂಟ್ ಸ್ಟೇಟಸ್‌ನಲ್ಲಿ ಲೀಡರ್ ಮತ್ತು ಲರ್ನರ್ ಎರಡರ ರಾಫ್ಟ್ ಅಪ್ಲೈಡ್ ಇಂಡೆಕ್ಸ್ ಪಕ್ಕಪಕ್ಕ ನೋಡಿ. ಹತ್ತಿರ ಬಂದು, ಹತ್ತಿರವೇ ಉಳಿಯುತ್ತಿದೆಯಾ ಎನ್ನುವುದು ಮುಖ್ಯ.

ಎರಡನೆಯದು, ಲರ್ನರ್ ಕಡೆ ಎಪಿಐ ಸರ್ವರನ್ನು ತಿರುಗಿಸಬೇಡಿ. ಸಾಮಾನ್ಯ ರೀಡ್, ರೈಟ್ ಯಾವುದನ್ನೂ ಅದು ಒಪ್ಪುವುದಿಲ್ಲ.

ಕೋರಂ_ಕಾಕಾ

ಒಂದು ಮಾತು ಸೇರಿಸುತ್ತೇನೆ. ಇದರ ನಡುವೆ ಇ3 ಪೂರ್ತಿ ಸತ್ತರೆ ಕ್ರಮ ತಿರುಗುತ್ತದೆ. ಸತ್ತದ್ದನ್ನು ಮೊದಲು ಪಟ್ಟಿಯಿಂದ ತೆಗೆಯಿರಿ, ಆಮೇಲೆ ಲರ್ನರ್. ಲರ್ನರ್‌ಗೆ ಮತ ಇಲ್ಲವಲ್ಲ, ಮೊದಲೇ ಸೇರಿಸಿದರೆ ಏನು ಎಂದು ಕೇಳಬಹುದು. ಲೆಕ್ಕದ ಪ್ರಕಾರ ಸರಿ. ಆದರೆ ಆ ಸ್ಟ್ರಿಕ್ಟ್ ಚೆಕ್ ಲರ್ನರ್‌ಗೂ ಬಿಡುವುದಿಲ್ಲ, ಮತ ಇರುವವರೆಲ್ಲ ಸಂಪರ್ಕದಲ್ಲಿ ಇರಬೇಕು ಎನ್ನುತ್ತದೆ. ಸತ್ತದ್ದನ್ನು ತೆಗೆಯುವುದರಿಂದ ನಿಮ್ಮದೇನೂ ಹೋಗುವುದಿಲ್ಲ, ಅದು ಹೇಗೂ ಮತ ಹಾಕುತ್ತಿರಲಿಲ್ಲ.

ಇನ್ನೊಂದು, ಆವೃತ್ತಿ. 3.5.15 ಅಂದಿರಿ. ಲರ್ನರ್ ಬಳಸುವ ಮೊದಲೇ 3.5ರ ಇತ್ತೀಚಿನ ಪ್ಯಾಚ್‌ಗೆ ಹೋಗಿ. 3.5.20ಕ್ಕಿಂತ ಹಿಂದಿನವುಗಳಲ್ಲಿ ಪ್ರಮೋಟ್ ಆದ ಸಂಗತಿ 3.6 ನೆಚ್ಚಿಕೊಳ್ಳುವ ಹೊಸ ಸ್ಟೋರ್‌ನಲ್ಲಿ ಸರಿಯಾಗಿ ಉಳಿಯುತ್ತಿರಲಿಲ್ಲ. 3.5ರಲ್ಲಿ ಇರುವ ತನಕ ಗೊತ್ತೇ ಆಗುವುದಿಲ್ಲ. 3.6ಕ್ಕೆ ಏರಿಸಿದ ದಿನ ಪ್ರಮೋಟ್ ಆಗಿ ವರ್ಷವಾದ ನೋಡ್ ಕೂಡ ನಾನಿನ್ನೂ ಲರ್ನರ್ ಎಂದು ಎದ್ದು ನಿಲ್ಲುತ್ತದೆ. ಇನ್ನು 3.5.0ರಿಂದ 3.5.2ರ ತನಕದ್ದನ್ನು ಯಾರಾದರೂ ಇನ್ನೂ ಓಡಿಸುತ್ತಿದ್ದರೆ ಈ ಥ್ರೆಡ್ ಓದುವುದು ಬಿಟ್ಟು ಮೊದಲು ಅದನ್ನು ಬದಲಿಸಿ. ಅವುಗಳಲ್ಲಿ ಡೇಟಾವೇ ಹೊಂದಿಕೆಯಾಗದ ದೋಷ ಇತ್ತು.

ಕಡಲತಡಿ_ಡಿಸ್ಕ್

ಇ4 ಶುರು ಮಾಡುವ ಮೊದಲು ನೋಡಬೇಕಾದದ್ದು: ಪೀರ್ ಸರ್ಟಿಫಿಕೇಟ್‌ನಲ್ಲಿ ಇ4ರ ಐಪಿ ಮತ್ತು ಹೆಸರು ಇರಬೇಕು. ನೋಡ್‌ಗಳು ತಮ್ಮೊಳಗೆ ಮಾತಾಡುವ 2380 ಪೋರ್ಟ್ ಎರಡೂ ದಿಕ್ಕಿನಲ್ಲಿ ತೆರೆದಿರಬೇಕು, ಎಲ್ಲ ನೋಡ್‌ಗಳ ಜೊತೆ. ಲೀಡರ್ ಜೊತೆ ಮಾತ್ರ ನೋಡಿ ಬಿಡಬೇಡಿ, ನಾಳೆ ಲೀಡರ್ ಬೇರೆಯಾಗುತ್ತದೆ. 2020ರ ನವೆಂಬರ್ 2ರಂದು ಕ್ಲೌಡ್‌ಫ್ಲೇರ್‌ನಲ್ಲಿ ಒಂದು ಸ್ವಿಚ್ ಅರ್ಧಂಬರ್ಧ ಕೆಟ್ಟು, ಒಂದು ಎಟ್‌ಸಿಡಿ ನೋಡ್‌ಗೆ ಲೀಡರ್ ಸಿಗುತ್ತಿರಲಿಲ್ಲ, ಇನ್ನೊಂದು ಸಿಗುತ್ತಿತ್ತು. ಚುನಾವಣೆ ಮೇಲೆ ಚುನಾವಣೆ. ಅವರ ಡ್ಯಾಶ್‌ಬೋರ್ಡ್, ಎಪಿಐ ಗಂಟೆಗಟ್ಟಲೆ ಪರದಾಡಿದವು. ಅರ್ಧ ಸಂಪರ್ಕ ಪೂರ್ತಿ ಕಡಿದದ್ದಕ್ಕಿಂತ ಕೆಟ್ಟದ್ದು.

ಮೆಂಬರ್ ಆಡ್ ಕೊಟ್ಟಾಗ ಅದೇ ಕೆಲವು ಸಾಲು ಎನ್ವಿರಾನ್‌ಮೆಂಟ್ ವೇರಿಯಬಲ್ ಮುದ್ರಿಸುತ್ತದೆ. ಅದನ್ನೇ ಕಾಪಿ ಮಾಡಿ, ಕೈಯಲ್ಲಿ ಟೈಪ್ ಮಾಡಬೇಡಿ. ಇನಿಶಿಯಲ್ ಕ್ಲಸ್ಟರ್ ಸ್ಟೇಟ್ "ಎಕ್ಸಿಸ್ಟಿಂಗ್" ಇರಬೇಕು. "ನ್ಯೂ" ಎಂದಿದ್ದರೆ ಅದು ತನ್ನದೇ ಹೊಸ ಕ್ಲಸ್ಟರ್ ಕಟ್ಟಲು ಹೊರಡುತ್ತದೆ. ಆಮೇಲೆ ಲಾಗ್ ತುಂಬ ಕ್ಲಸ್ಟರ್ ಐಡಿ ಹೊಂದುತ್ತಿಲ್ಲ ಎಂಬ ಗೋಳು.

ಸುಮ್ನೆ_ಓದುವವ

ಇಷ್ಟೆಲ್ಲ ಮಾಡಿಯೂ ಕೋರಂ ಹೋದರೆ?

ಕೋರಂ_ಕಾಕಾ

ಹೋದ ನೋಡ್‌ಗಳಲ್ಲಿ ಒಂದನ್ನಾದರೂ ಹಳೇ ಡೇಟಾ ಸಮೇತ ಎಬ್ಬಿಸಲು ಸಾಧ್ಯವೇ ಎಂದು ಮೊದಲು ನೋಡಿ. ಅದೇ ಒಳ್ಳೆಯ ದಾರಿ. ಆಗಲೇ ಇಲ್ಲ ಎಂದರೆ ಬದುಕಿರುವ ಒಂದರ ಮೇಲೆ ಫೋರ್ಸ್ ನ್ಯೂ ಕ್ಲಸ್ಟರ್, ಇಲ್ಲವೇ ಸ್ನ್ಯಾಪ್‌ಶಾಟ್ ರಿಸ್ಟೋರ್. ಎರಡರಲ್ಲೂ ಒಂದು ನೋಡ್‌ನಿಂದ ಮತ್ತೆ ಕಟ್ಟಬೇಕು. ರಿಸ್ಟೋರ್ ಮಾಡಿದರೆ ರಿವಿಷನ್ ಹಿಂದೆ ಹೋಗುತ್ತದೆ. ಕುಬರ್ನೆಟಿಸ್‌ನ ಕಂಟ್ರೋಲರ್‌ಗಳು ವಾಚ್ (ಬದಲಾವಣೆಗಳ ಮೇಲೆ ಕಣ್ಣು) ಇಟ್ಟುಕೊಂಡಿರುತ್ತವೆ, ಅವುಗಳಿಗೆ ಕಾಲ ಹಿಂದಕ್ಕೆ ಹೋದದ್ದು ಗೊತ್ತಾಗುವುದಿಲ್ಲ. ಹೊಸ ಎಟ್‌ಸಿಡಿಯುಟಿಎಲ್ ಟೂಲ್‌ನಲ್ಲಿ ರಿವಿಷನನ್ನು ಮುಂದೆ ತಳ್ಳುವ ಆಯ್ಕೆ ಇದೆ, ಅದನ್ನು ಬಳಸಿ. ಇದನ್ನೆಲ್ಲ ಮೊದಲ ಸಲ ರಾತ್ರಿ ಎರಡು ಗಂಟೆಗೆ ಕಲಿಯುವುದು ಬೇಡ ಎಂದೇ ವಿಎಂ ಮೇಲೆ ರಿಸ್ಟೋರ್ ಮಾಡಿ ನೋಡಿ ಅಂದದ್ದು.

ಹಾಸನದ_ಆಪ್ಸ್

ಅಪ್‌ಡೇಟ್ ಕೊಡುತ್ತಿದ್ದೇನೆ. ಮೊದಲು ರಿಸ್ಟೋರ್ ಪರೀಕ್ಷೆ, ಸರಿ ಬಂತು. ಆಮೇಲೆ 3.5ರ ಇತ್ತೀಚಿನ ಪ್ಯಾಚ್. ಇ2, ಇ1 ಡಿಫ್ರಾಗ್, ಡಿಬಿ 600 ಎಂಬಿಗೆ ಇಳಿಯಿತು.

ನಿನ್ನೆ ರಾತ್ರಿ ಇ4ನ್ನು ಲರ್ನರ್ ಆಗಿ ಸೇರಿಸಿದೆವು. ಸರ್ವಿಸ್ ಎದ್ದಿತು, ಡೇಟಾ ಬರಲಿಲ್ಲ. ನೋಡಿದರೆ ಫೈರ್‌ವಾಲ್‌ನಲ್ಲಿ 2380 ಇ4ರಿಂದ ಹೊರಗೆ ಮಾತ್ರ ತೆರೆದಿತ್ತು, ಒಳಗೆ ಬರಲು ಇಲ್ಲ. ನೆಟ್‌ವರ್ಕ್ ತಂಡದವರನ್ನು ಎಬ್ಬಿಸಿ ಸರಿ ಮಾಡಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಅಷ್ಟು ಹೊತ್ತೂ ಎಪಿಐ ಸರ್ವರ್‌ಗೆ ಏನೂ ಗೊತ್ತಾಗಲಿಲ್ಲ. ಲರ್ನರ್ ಅಲ್ಲದೆ ಮತದ ಜೊತೆ ಸೇರಿಸಿದ್ದರೆ ಆ ಮುಕ್ಕಾಲು ಗಂಟೆ ಇ3ರ ಡಿಸ್ಕ್ ಮೇಲೆ ನಿಂತಿರುತ್ತಿತ್ತು. ರಾತ್ರಿಪಾಳಿಯವರೇ, ಟೀ ಕುಡಿಯಲು ಬೇಕಾದಷ್ಟು ಸಮಯ ಸಿಕ್ಕಿತು.

ಆಮೇಲೆ ಇಂಡೆಕ್ಸ್ ಎರಡೂ ಜೊತೆಗೆ ಓಡುವುದನ್ನು ಸ್ವಲ್ಪ ಹೊತ್ತು ನೋಡಿ ಪ್ರಮೋಟ್ ಮಾಡಿದೆವು. ಇ3 ಲೀಡರ್ ಅಲ್ಲ ಎಂದು ಇನ್ನೊಮ್ಮೆ ಖಚಿತ ಮಾಡಿಕೊಂಡು ತೆಗೆದೆವು. ಎಪಿಐ ಸರ್ವರ್‌ಗಳ ಎಟ್‌ಸಿಡಿ ಪಟ್ಟಿ ಬದಲಿಸಿ ಒಂದೊಂದಾಗಿ ರೀಸ್ಟಾರ್ಟ್. ಈಗ ಮತ ಇರುವವರು ಇ1, ಇ2, ಇ4.

ರಾತ್ರಿಪಾಳಿ

ಟೀ ವಿಷಯದಲ್ಲಾದರೂ ನಾನು ಸರಿ ಇದ್ದೆ ಎಂದಾಯಿತು. ಕ್ಯೂಬ್‌ಅಡ್ಮ್ (ಕುಬರ್ನೆಟಿಸ್ ಸ್ಥಾಪಿಸುವ ಟೂಲ್) ಬಳಸುವ ನಮ್ಮಂಥವರಿಗೆ ಇದೆಲ್ಲ ಕೈಯಾರೆ ಮಾಡಬೇಕಾ?

ಲಾಗ್_ಲಲಿತೆ

ಹೊಸ ಕ್ಯೂಬ್‌ಅಡ್ಮ್ ತಾನೇ ಲರ್ನರ್ ಆಗಿ ಸೇರಿಸಿ ಪ್ರಮೋಟ್ ಮಾಡುತ್ತದೆ. 1.27ರಲ್ಲಿ ಪರೀಕ್ಷೆಗೆ ಬಂತು, 1.29ರಿಂದ ತಾನಾಗಿಯೇ ಆನ್. ಆದರೆ ಕಂಟ್ರೋಲ್ ಪ್ಲೇನ್ (ಕುಬರ್ನೆಟಿಸನ್ನು ನಿಯಂತ್ರಿಸುವ) ಯಂತ್ರ ರೀಸೆಟ್ ಓಡಿಸಲೂ ಆಗದಂತೆ ಸತ್ತುಹೋದರೆ, ಅದರ ಹೆಸರು ಎಟ್‌ಸಿಡಿ ಪಟ್ಟಿಯಲ್ಲಿ ಹಾಗೇ ಉಳಿಯುತ್ತದೆ. ಅದನ್ನು ನೀವೇ ತೆಗೆಯಬೇಕು, ಇಲ್ಲದಿದ್ದರೆ ಮುಂದಿನ ಜಾಯಿನ್ ನಿಂತುಬಿಡುತ್ತದೆ.

ಹಾಸನದ_ಆಪ್ಸ್

ಕೊನೆಯ ಪ್ರಶ್ನೆ ಕಾಕಾ. ಇ3ರ ಹೊಸ ಎಸ್‌ಎಸ್‌ಡಿ ಮುಂದಿನ ವಾರ ಬರುತ್ತದೆ. ಅಲ್ಲಿಯ ತನಕ ಇ5ನ್ನು ಲರ್ನರ್ ಆಗಿ ಕೂರಿಸಿ, ಇ3 ಬಂದ ಮೇಲೆ ಎರಡನ್ನೂ ಲರ್ನರ್ ಇಟ್ಟುಕೊಂಡು ಬೆನ್ನುಬೆನ್ನಿಗೆ ಪ್ರಮೋಟ್ ಮಾಡಬಹುದಾ?

ಕೋರಂ_ಕಾಕಾ

ಆಗುವುದಿಲ್ಲ. ಸೆಟ್ಟಿಂಗ್ ಬದಲಿಸದಿದ್ದರೆ ಒಂದು ಸಲಕ್ಕೆ ಒಂದೇ ಲರ್ನರ್. ಎರಡನೆಯದಕ್ಕೆ ಜಾಸ್ತಿಯಾಯಿತು ಎನ್ನುತ್ತದೆ. ಇ5 ಈಗಲೇ ಲರ್ನರ್ ಆಗಿ ಕೂತಿರಲಿ, ತೊಂದರೆ ಇಲ್ಲ. ಅದು ಬದಲಿ ಆಟಗಾರ ಎಂದು ಮಾತ್ರ ತಿಳಿಯಬೇಡಿ, ಯಾರಾದರೂ ಹೋದರೆ ತಾನಾಗಿ ಮತ ಬರುವುದಿಲ್ಲ. ಇ3 ತಯಾರಾದ ದಿನ ಇ5 ಪ್ರಮೋಟ್ ಮಾಡಿ, ಅದೇ ಹೊತ್ತಿಗೆ ಇ3ನ್ನು ಲರ್ನರ್ ಆಗಿ ಸೇರಿಸಿ, ಹಿಡಿದುಕೊಂಡ ಮೇಲೆ ಪ್ರಮೋಟ್. ಹಳೇ ಡಿಸ್ಕ್‌ನಿಂದ ಡೇಟಾ ಡೈರೆಕ್ಟರಿ ಕಾಪಿ ಮಾಡಿ ಸಮಯ ಉಳಿಸೋಣ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ತೆಗೆದ ಸದಸ್ಯನ ಹಳೇ ಐಡಿಗೆ ಕ್ಲಸ್ಟರ್ ಮತ್ತೆ ಬಾಗಿಲು ತೆರೆಯುವುದಿಲ್ಲ, ಖಾಲಿ ಡೈರೆಕ್ಟರಿಯಿಂದಲೇ ಶುರು ಮಾಡಬೇಕು.

ಹಾಸನದ_ಆಪ್ಸ್

ಕಾಪಿ ಮಾಡೋಣ ಎಂದು ಮ್ಯಾನೇಜರ್ ಇವತ್ತು ಬೆಳಿಗ್ಗೆಯೇ ಹೇಳಿದ್ದರು. ಈ ಥ್ರೆಡ್‌ನ ಲಿಂಕ್ ಕಳಿಸಿದ್ದೇನೆ.